ಶಿಳ್ಳೆ ಹಾಕು ಎಂದು ಮೊದಲೇ ಕೇಳಬೇಕಿತ್ತು

ಆಂಧ್ರದ ಆದವಾನಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರಾಗಿ ಇಪ್ಪತ್ತೊಂಬತ್ತು ವರ್ಷ ದುಡಿದು, ಎರಡು ವರ್ಷದ ಹಿಂದೆ ಕತ್ತರಿ ಕೆಳಗಿಟ್ಟೆ. ಈಗ ಬಿಡುವಾಗಿದ್ದೇನೆ ಎಂದು ಗೊತ್ತಾಗಿದ್ದೇ ತಡ, ಈ ವಿದ್ಯೆಗೆ ಹೊಸದಾಗಿ ಕಾಲಿಟ್ಟ ಹುಡುಗ ಹುಡುಗಿಯರು ಬಂದು ಕೂರುತ್ತಾರೆ. "ಮೇಡಂ, ನಿಮ್ಮ ಅನುಭವ ಹೇಳಿ" ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ಗೆದ್ದ ಕಥೆ. ಗೆದ್ದ ಕಥೆ ಕೇಳಿ ಯಾರಾದರೂ ಏನಾದರೂ ಕಲಿತದ್ದನ್ನು ನಾನು ಕಂಡಿಲ್ಲ. ಚಹಾ ಕುಡಿದು, ಹೊಗಳಿ, ಎದ್ದು ಹೋಗುತ್ತಾರೆ. ಅದಕ್ಕೇ ಸೋತದ್ದನ್ನು ಬರೆದಿಡುತ್ತಿದ್ದೇನೆ. ನನ್ನ ಕೈಯಾರೆ ಆದ ತಪ್ಪು ಇದು. ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ಹತ್ತಿ ಗಿರಣಿಯ ದೂಳು ಕುಡಿದವರ ಮೂಗು, ಸೀಟಿ ಊದುವ ಯಂತ್ರದ ಪಕ್ಕ ನಿಂತು ಕೆಟ್ಟ ಕಿವಿ, ಇವೇ ನನ್ನ ದಿನದ ಅನ್ನ. ಆದರೆ ನನ್ನ ನಿಜವಾದ ಹೆದರಿಕೆ ಇದ್ದದ್ದು ಜೊಲ್ಲು ಗ್ರಂಥಿಯ ಗಡ್ಡೆಗಳ ಬಗ್ಗೆ. ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಆ ಗ್ರಂಥಿ ಕೂತಿದೆ. ಮಂಗನಬಾವು ಬಂದಾಗ ಊದುವುದು ಅದೇ. ಅದರಲ್ಲಿ ಗಡ್ಡೆ ಬೆಳೆದರೆ ಬಹಳ ಸಲ ಅದು ಸಾಧು ಗಡ್ಡೆಯೇ ಆಗಿರುತ್ತದೆ, ಕ್ಯಾನ್ಸರ್ ಅಲ್ಲ, ನೋವಿಲ್ಲ, ಅವಸರವಿಲ್ಲ. ಆದರೂ ತೆಗೆಯಬೇಕು, ಬಿಟ್ಟರೆ ಎಂದಾದರೂ ಒಂದು ದಿನ ಕೆಡಬಹುದು. ತೊಂದರೆ ಏನೆಂದರೆ, ಮುಖವನ್ನು ಆಡಿಸುವ ನರ ಆ ಗ್ರಂಥಿಯ ನಡುವೆಯೇ ಹಾದು ಹೋಗುತ್ತದೆ. ಒಂದು ಟೊಂಗೆ ಕಣ್ಣಿನ ಕಡೆಗೆ, ಒಂದು ಕೆನ್ನೆಗೆ, ಒಂದು ತುಟಿಗೆ. ದಾರದಷ್ಟು ದಪ್ಪವಿಲ್ಲ. ಮುಟ್ಟಿದರೆ ಮುನಿಯುತ್ತದೆ.

ನರ್ಸಿಂಗ್ ಹೋಮಿನ ಯಜಮಾನರನ್ನು ನಾವೆಲ್ಲ ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಎಪ್ಪತ್ತು ದಾಟಿದ್ದರು, ಕೈ ಮಾತ್ರ ನಡುಗುತ್ತಿರಲಿಲ್ಲ. ನನಗೆ ಆ ಆಪರೇಷನ್ ಕಲಿಸಿದವರು ಅವರೇ. ಕಲಿಸುವಾಗ ಅವರು ಆಡುತ್ತಿದ್ದದ್ದು ಒಂದೇ ಮಾತು: "ಗಿರಿಜಾ, ಮೊದ್ಲು ನರ ಹುಡುಕು. ಗಡ್ಡಿ ಎಲ್ಲಿಗೂ ಓಡಿ ಹೋಗಂಗಿಲ್ಲ." ನೂರು ಸಲ ಕೇಳಿ ಕೇಳಿ ನನಗದು ಗೋಡೆ ಗಡಿಯಾರದ ಸದ್ದಿನಂತಾಗಿತ್ತು. ದಿನವೂ ಕೇಳುವ ಸದ್ದು ಕಿವಿಗೆ ಬೀಳುವುದಿಲ್ಲ.

ನಮ್ಮಲ್ಲಿಗೆ ಬರುವ ಜನ ನೇರವಾಗಿ ಬರುತ್ತಿರಲಿಲ್ಲ, ಸುತ್ತು ಹೊಡೆದು ಬರುತ್ತಿದ್ದರು. ಕಿವಿಯ ಕೆಳಗೆ ಏನೇ ಊದಿದರೂ ಮೊದಲು ಬಂಗಾರದ ಸರ ಕೊರಳಿಗೆ ಬೀಳುತ್ತಿತ್ತು. ಬಂಗಾರ ಸೋಕಿದರೆ ಬಾವು ಇಳಿಯುತ್ತದೆ ಎಂದು ನಂಬಿಕೆ. ಮೀಸೆ ಹೊತ್ತ ಗಂಡಸರು ಅತ್ತೆಯ ಅವಲಕ್ಕಿ ಸರ ಹಾಕಿಕೊಂಡು ನಾಚುತ್ತಾ ಕುರ್ಚಿಯ ಮೇಲೆ ಕೂರುತ್ತಿದ್ದರು. ಅತ್ತೆ ಪಕ್ಕದಲ್ಲೇ ನಿಂತು ಬಾವನ್ನಲ್ಲ, ಸರವನ್ನು ಕಾಯುತ್ತಿದ್ದಳು. ಅದರಿಂದ ಯಾರಿಗೂ ಕೇಡಿಲ್ಲ, ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಸುಣ್ಣ ಬೆಲ್ಲ ಕಲಸಿ ಮೆತ್ತಿಕೊಂಡು ಬಂದವರಿಗೆ ತೊಳೆದುಕೊಂಡು ಬನ್ನಿ ಎನ್ನುತ್ತಿದ್ದೆ. ಆದರೆ ಬರೆ ಹಾಕಿಸಿಕೊಂಡು ಬಂದವರನ್ನು ಕಂಡರೆ ನನ್ನ ಪಿತ್ತ ನೆತ್ತಿಗೇರುತ್ತಿತ್ತು. ಕಾದ ಕಬ್ಬಿಣ ತಾಗಿದ ಕಡೆ ಚರ್ಮ ಒಳಗಿನ ಮಾಂಸಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಪದರ ಬಿಡಿಸುವಾಗ ನಮಗೆ ಜೀವ ಹೋಗಿ ಬರುತ್ತದೆ.

ನನಗೆ ಆಗ ನಲವತ್ತೆಂಟರ ಹತ್ತಿರ. ಹೊಸ ವಿಧಾನವೊಂದನ್ನು ದೊಡ್ಡ ಊರಿಗೆ ಹೋಗಿ ಒಂದು ವಾರ ಕಲಿತು ಬಂದಿದ್ದೆ. ಹಳೆಯ ವಿಧಾನದಲ್ಲಿ ಕಿವಿಯ ಮುಂದಿನಿಂದ ಕತ್ತಿನವರೆಗೆ ಕೊಯ್ದ ಗೆರೆ ಎದ್ದು ಕಾಣುತ್ತಿತ್ತು, ಗಡ್ಡೆ ತೆಗೆದ ಜಾಗದಲ್ಲಿ ಕಿವಿಯ ಕೆಳಗೆ ಗುಳಿ ಬೀಳುತ್ತಿತ್ತು. ಹೊಸದರಲ್ಲಿ ಗೆರೆಯನ್ನು ಕಿವಿಯ ಹಿಂದಕ್ಕೆ ಸುತ್ತಿಸಿ ಕೂದಲಿನೊಳಗೆ ಅಡಗಿಸಬಹುದು. ಕತ್ತಿನ ಸ್ನಾಯುವಿನ ಒಂದು ಪಟ್ಟಿ ತಿರುಗಿಸಿ ಗುಳಿಗೆ ತುಂಬಬಹುದು. ಮುಖದ ಮೇಲೆ ಹಸಿರು ಬಟ್ಟೆ ಹೊದಿಸುವ ಬದಲು ಪಾರದರ್ಶಕ ಹಾಳೆ ಹೊದಿಸಿದರೆ, ನಾವು ನರದ ಹತ್ತಿರ ಹೋದಾಗ ತುಟಿಯೋ ರೆಪ್ಪೆಯೋ ಅದುರುವುದು ಕಣ್ಣಿಗೆ ಕಾಣುತ್ತದೆ. ಎಲ್ಲ ಒಳ್ಳೆಯದೇ. ಆದರೆ ಹೊತ್ತು ಹೆಚ್ಚು ಹಿಡಿಯುತ್ತದೆ.

ಅದನ್ನು ಮೊದಲು ಮಾಡಿದ್ದು ಹತ್ತಿ ವ್ಯಾಪಾರಿಯೊಬ್ಬರ ಮಗಳಿಗೆ. ಮದುವೆ ಗೊತ್ತಾಗಿತ್ತು. ಅವಳ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡು, "ಗಡ್ಡಿ ಇದ್ರೂ ಇರ್ಲಿ ಡಾಕ್ಟ್ರೇ, ಮುಖಕ್ಕ ಗೀರು ಮಾತ್ರ ಬ್ಯಾಡ" ಎಂದಿದ್ದರು. ಎರಡು ಗಂಟೆಯ ಜಾಗದಲ್ಲಿ ಮೂರೂವರೆ ಗಂಟೆ ತೆಗೆದುಕೊಂಡೆ. ತಿಂಗಳು ಕಳೆದ ಮೇಲೆ ಹುಡುಗಿ ಜಡೆ ಹಾಕಿಕೊಂಡು ಬಂದಳು, ಕೊಯ್ದದ್ದು ಎಡಗಡೆಯೋ ಬಲಗಡೆಯೋ ಎಂದು ನಾನೇ ಹುಡುಕಬೇಕಾಯಿತು. ಡಬ್ಬಿ ತುಂಬ ಸಿಹಿ ಬಂತು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ ಎಂದರೂ ಆದೀತು.

ಬೀರಪ್ಪ ಬಂದದ್ದು ಆ ಸಿಹಿಯ ಡಬ್ಬಿ ಇನ್ನೂ ಖಾಲಿಯಾಗದ ದಿನಗಳಲ್ಲಿ.

ಕೌತಾಳಂ ಕಡೆಯ ಕುರಿಗಾರ. ಐವತ್ತರ ಆಸುಪಾಸು, ಒಣಕಲು ಮೈ, ಹೆಗಲ ಮೇಲೆ ಕಂಬಳಿ. ಜೊತೆಗೆ ಹೆಂಡತಿ ಹನುಮಕ್ಕ. ಬಲಗಿವಿಯ ಕೆಳಗೆ ನಿಂಬೆಹಣ್ಣಿನಷ್ಟು ಗಡ್ಡೆ, ಅದರ ಮೇಲೆ ಸಾಲಾಗಿ ಮೂರು ಬರೆ.

"ಎಷ್ಟು ದಿನ ಆತು ಈ ಗಡ್ಡಿ ಬಂದು?" ಎಂದೆ.

"ದಿನಾ ಯಾರು ನೋಡ್ಯಾರಮ್ಮಾ. ದೊಡ್ಡ ಮಗಳ ಲಗ್ನದಾಗ ಕಡ್ಲಿ ಕಾಳಷ್ಟಿತ್ತು. ಈಗ ಆಕಿಗಿ ಮೂರು ಮಕ್ಕಳು."

"ಈ ಬರಿ ಯಾರು ಹಾಕಿದ್ದು?"

"ನಾನ ಹಾಕಿಸ್ಕೊಂಡೀನಿ. ಕುರಿಗಿ ಗಂಟಲ ಬಾತ್ರ ಕಾಸ್ತೀವಲ್ಲ, ಅದ ಕಬ್ಬಿಣ. ಕುರಿಗಿ ಕಡಿಮಿ ಆಗ್ತೈತಿ."

"ನೀ ಏನು ಕುರಿಯೇನು?"

ಹನುಮಕ್ಕ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. "ಹಂಗ ಕೇಳ್ರಮ್ಮಾ. ಕುರಿ ಜತಿಗಿ ಇದ್ದು ಇದ್ದು ಕುರಿನ ಆಗ್ಯಾನ."

ನಾನು ನಗಲಿಲ್ಲ. ಕಾಲು ಗಂಟೆ ಬೈದೆ. ಮೈ ಸುಟ್ಟುಕೊಳ್ಳುವುದು ಮೂಢತನ, ಸುಟ್ಟ ಮೇಲೆ ಡಾಕ್ಟರ ಹತ್ತಿರ ಬರುವುದು ಅದಕ್ಕಿಂತ ದೊಡ್ಡ ಮೂಢತನ ಎಂದೆ. ಕಾದ ಕಬ್ಬಿಣದಿಂದ ರೋಗ ಹೋಗುವುದಿಲ್ಲ ಎಂದು ಹೊರಗೆ ಕೂತವರಿಗೂ ಕೇಳುವಂತೆ ಹೇಳಿದೆ. ಬೀರಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ಸೂಜಿ ಪರೀಕ್ಷೆಗೆ ಬರೆದುಕೊಟ್ಟೆ. ಅದರಲ್ಲಿ ಸಾಧು ಗಡ್ಡೆ ಎಂದು ಬಂತು, ಆಪರೇಷನ್ನಿಗೆ ದಿನ ಗೊತ್ತು ಮಾಡಿದೆ.

ಎದ್ದು ಹೋಗುವಾಗ ಅವನು ಒಂದೇ ಒಂದು ಪ್ರಶ್ನೆ ಕೇಳಿದ. "ಅಮ್ಮಾ, ಕೊಯ್ದ ಮ್ಯಾಲ ಬಾಯಿ ಮೊದಲಿನಂಗ ಇರ್ತೈತೇನ್ರಿ?"

ನಾನು ಚೀಟಿ ಬರೆಯುತ್ತಿದ್ದೆ. ತಲೆ ಎತ್ತದೆ ಹೇಳಿದೆ: "ಉಣ್ಣಾಕ ಏನೂ ತೊಂದ್ರಿ ಇಲ್ಲ ಹೋಗು."

ಅವನು ಹೆಂಡತಿಯ ಮುಖ ನೋಡಿದ. ಇನ್ನೇನೋ ಕೇಳುವವನಿದ್ದ. ಕೇಳಲಿಲ್ಲ. ಇಷ್ಟು ವರ್ಷವಾದರೂ ನಾನು ತಿರುಗಿ ತಿರುಗಿ ನಿಲ್ಲುವುದು ಆ ಗಳಿಗೆಯ ಹತ್ತಿರ. ಕಾಯಿಲೆಯವರು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಯೇ ಅವರ ನಿಜವಾದ ಪ್ರಶ್ನೆ. ಕುರ್ಚಿಯಲ್ಲಿ ಕೂತಾಗ ಕೇಳುವುದೆಲ್ಲ ಅದಕ್ಕೆ ಪೀಠಿಕೆ. ಮಕ್ಕಳೇ, ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆದು ಮತ್ತೆ ಕೂರಿಸಿ.

ಆಪರೇಷನ್ನಿನ ದಿನ ಪಟ್ಟಿಯಲ್ಲಿ ನಾಲ್ಕು ಜನ, ಬೀರಪ್ಪ ಮೂರನೆಯವನು. ಕೈ ತೊಳೆಯುವಾಗ ಸಿಸ್ಟರ್ ಸುವಾರ್ತಮ್ಮ ಕೇಳಿದಳು, ಹೊಸ ಹಾಳೆ ತೆಗೆಯಲೇ, ಕೂದಲು ಬೋಳಿಸಲೇ ಎಂದು. ನನ್ನ ಜೊತೆ ಹದಿನೆಂಟು ವರ್ಷ ಥಿಯೇಟರಿನಲ್ಲಿ ನಿಂತವಳು ಅವಳು. ಬೇಡ ಎಂದೆ. ಆಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಮುಚ್ಚಿಡದೆ ಬರೆಯುತ್ತೇನೆ. ಈ ಮುಖದ ಮೇಲೆ ಆಗಲೇ ಮೂರು ಬರೆ ಇವೆ, ನನ್ನದೊಂದು ಗೆರೆ ಸೇರಿದರೆ ಏನು ಮುಳುಗಿ ಹೋಗುತ್ತದೆ? ಇವನಿಗೇನು ಹೆಣ್ಣು ನೋಡಬೇಕೇ? ಚೆಂದ ಮದುವೆಯ ಹುಡುಗಿಗೆ, ಕುರಿಗಾರನಿಗೆ ಗಡ್ಡೆ ಹೋದರೆ ಸಾಕು. ಹೀಗೆ ಅಂದುಕೊಂಡು ಒಂದೂವರೆ ಗಂಟೆ ಉಳಿಸಲು ಹೊರಟೆ.

ಹಳೆಯ ಗೆರೆ, ಹಳೆಯ ಹಸಿರು ಬಟ್ಟೆ. ಬರೆಯ ಕೆಳಗೆ ಚರ್ಮ ಬೇರಿನಂತೆ ಅಂಟಿತ್ತು. ನರದ ಬುಡ ಸಿಕ್ಕಿತು, ಮೇಲಿನ ಟೊಂಗೆಗಳು ಸಿಕ್ಕವು. ತುಟಿಗೆ ಹೋಗುವ ಕೆಳಗಿನ ಟೊಂಗೆ ಅಂಟಿದ ಮಾಂಸದಲ್ಲಿ ಎಲ್ಲೋ ಹುದುಗಿತ್ತು. ಅದನ್ನು ಹುಡುಕುತ್ತಿರುವಾಗ ರಕ್ತ ಒಸರಿತು. ಹತ್ತಿಯಿಂದ ಒತ್ತಿ ಹಿಡಿದು ಐದು ನಿಮಿಷ ಕಾದಿದ್ದರೆ ನಿಲ್ಲುತ್ತಿತ್ತು. ನಾನು ಕಾಯಲಿಲ್ಲ, ಕಾಟರಿ ಕೇಳಿದೆ. ಕರೆಂಟಿನಿಂದ ಬಿಸಿಯಾಗಿ ರಕ್ತನಾಳದ ಬಾಯಿಯನ್ನು ಸುಟ್ಟು ಮುಚ್ಚುವ ಸಲಕರಣೆ ಅದು. ಅರಿವಳಿಕೆಯ ನಳಿಗೆ ಸರಿಯಾಗಿದೆಯೇ ಎಂದು ನೋಡಲು ಸುವಾರ್ತಮ್ಮ ಬಟ್ಟೆ ಎತ್ತಿದ್ದಳು.

"ಅಮ್ಮಾ, ಪೆದವಿ ಕದಿಲಿಂದಿ" ಎಂದಳು, ತೆಲುಗಿನಲ್ಲಿ. ತುಟಿ ಅದುರಿತು ಎಂದರ್ಥ.

"ಚೂಶಾನು" ಎಂದೆ. ನೋಡಿದೆ ಎಂದರ್ಥ. ನಾನು ನೋಡಿರಲಿಲ್ಲ. ಮತ್ತೊಮ್ಮೆ ಕಾಟರಿ ಮುಟ್ಟಿಸಿದೆ, ರಕ್ತ ನಿಂತಿತು. ಗಡ್ಡೆ ಇಡಿಯಾಗಿ ಬಂತು. ಹೊಲಿಗೆ ಹಾಕಿ ನಾಲ್ಕನೆಯವನನ್ನು ಕರೆಸಿದೆ.

ಮಾರನೆಯ ಬೆಳಿಗ್ಗೆ ವಾರ್ಡಿನಲ್ಲಿ ಅವನ ಮುಂದೆ ನಿಂತು, ನಾವು ಎಲ್ಲರಿಗೂ ಮಾಡಿಸುವ ಪರೀಕ್ಷೆ ಮಾಡಿಸಿದೆ. ಕಣ್ಣು ಮುಚ್ಚು ಎಂದೆ, ಮುಚ್ಚಿದ. ಹುಬ್ಬು ಏರಿಸು ಎಂದೆ, ಏರಿಸಿದ. ಹಲ್ಲು ತೋರಿಸು ಎಂದಾಗ ಬಾಯಿ ಎಡಕ್ಕೆ ಜಗ್ಗಿತು, ಬಲಗಡೆಯ ತುಟಿ ಸತ್ತಂತೆ ಬಿದ್ದಿತ್ತು. ಆದರೂ ನನ್ನ ಬಾಯಿ ಅಭ್ಯಾಸದಂತೆ ಮುಂದಿನದನ್ನು ಹೇಳಿತು: "ಶಿಳ್ಳಿ ಹಾಕು."

ಬೀರಪ್ಪ ತುಟಿ ಕೂಡಿಸಲು ನೋಡಿದ. ಬಲಗಡೆಯಿಂದ ಗಾಳಿ ಫುಸ್ಸೆಂದು ಸೋರಿತು. ಮತ್ತೆ ನೋಡಿದ. ಬೆರಳಿನಿಂದ ಬಲತುಟಿಯನ್ನು ಮೇಲಕ್ಕೆ ಒತ್ತಿ ಹಿಡಿದು ಊದಿದ. ಬರೀ ಗಾಳಿ, ಜೊತೆಗೆ ಸ್ವಲ್ಪ ಜೊಲ್ಲು. ಮಂಚದ ಪಕ್ಕ ನಿಂತಿದ್ದ ಹನುಮಕ್ಕ ಹಾಗೇ ನೆಲಕ್ಕೆ ಕುಸಿದು ಕೂತಳು. ಒಂದು ತುಟಿ ಸೊಟ್ಟಗಾದದ್ದಕ್ಕೆ ಇಷ್ಟು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ.

"ಇದನ್ನ ಮೊದ್ಲ ಕೇಳಬೇಕಾಗಿತ್ತಲ್ಲಮ್ಮಾ" ಎಂದ ಬೀರಪ್ಪ. ಮಾತು ಬಲಗಡೆ ತೊದಲುತ್ತಿತ್ತು. "ಕೊಯ್ಯೂದಕ್ಕಿಂತ ಮೊದ್ಲ ಶಿಳ್ಳಿ ಹಾಕು ಅಂದಿದ್ರ ಹಾಕಿ ತೋರಿಸ್ತಿದ್ನಿ. ನನ್ನ ಕುರಿ ಎಲ್ಲಾ ಅದರ ಮ್ಯಾಲ ಅದಾವ."

ನಾನು ಬಾವು ಇಳಿದ ಮೇಲೆ ಸರಿಹೋಗುತ್ತದೆ ಎಂದು ಹೇಳಿ ಅಲ್ಲಿಂದ ಜಾರಿಕೊಂಡೆ.

ಮಧ್ಯಾಹ್ನ ದೊಡ್ಡ ಡಾಕ್ಟರು ಚಹಾಕ್ಕೆ ಕರೆದರು. ಅವರಿಗೆ ಸುದ್ದಿ ಮುಟ್ಟಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನರ ಕಡಿದೈತೇನು?"

"ಇಲ್ಲ ಸರ್. ಕಾಟರಿ ಬಿಸಿ ತಾಗೈತಿ ಅನಿಸ್ತೈತಿ."

"ಹಂಗಾದ್ರ ತಿರುಗಿ ಬರಬಹುದು. ಆರು ತಿಂಗಳೋ, ವರ್ಷೋ. ಅವನಿಗಿ ಹೇಳಿದೇನು?"

"ಸರಿ ಹೋಗ್ತೈತಿ ಅಂತ ಹೇಳೀನಿ."

"ಅದಲ್ಲವಾ ನಾ ಕೇಳಿದ್ದು. ಯಾರಿಂದ ಆತು ಅನ್ನೋದು ಹೇಳಿದೇನು?"

ಅವರು ಕಪ್ಪು ಕೆಳಗಿಟ್ಟು, "ಆತ ಕೇಳಂಗಿಲ್ಲ, ಕೇಸ್ ಹಾಕಂಗಿಲ್ಲ, ಅದು ನಿನಗೂ ಗೊತ್ತು. ಅದಕ್ಕ ನೀನ ಹೋಗಿ ಹೇಳಬೇಕು" ಎಂದರು. ಹೇಳುತ್ತೇನೆ ಎಂದೆ. ಇವತ್ತು ಬೇಡ ನಾಳೆ ಎಂದುಕೊಳ್ಳುತ್ತಾ ಮೂರು ದಿನ ತಳ್ಳಿದೆ. ಮೂರನೆಯ ದಿನ ಬೀರಪ್ಪ ಮನೆಗೆ ಹೋದ. ಹೊಲಿಗೆ ಬಿಚ್ಚಿಸಿಕೊಳ್ಳಲು ಬಾ ಎಂದ ದಿನ ಬರಲಿಲ್ಲ.

ಹತ್ತನೆಯ ದಿನ ಹನುಮಕ್ಕ ಒಬ್ಬಳೇ ಬಂದಳು. "ಉಣ್ಣಾಕ ಕುಂತ್ರ ಕಿವಿ ಬುಡದಾಗ ನೀರು ಸುರೀತೈತ್ರಿ. ಬಾಯಿ ಒಣಗ್ತೈತಂತ ಹುಣಸಿಕಾಯಿ ಚೀಪಿಕೋಂತ ಅಡ್ಡಾಡ್ತಾನ. ಬಾ ಅಂದ್ರ ಬರವಲ್ಲ. ಕುರಿ ಬಿಟ್ಟು ಹೆಂಗ ಬರ್ಲಿ ಅಂತಾನ."

ಉಳಿದ ಗ್ರಂಥಿಯಿಂದ ಜೊಲ್ಲು ಗಾಯದ ಮೂಲಕ ಸೋರುತ್ತಿತ್ತು. ಹುಳಿ ಚೀಪಿದಷ್ಟೂ ಜೊಲ್ಲು ಹೆಚ್ಚು, ಸೋರಿಕೆಯೂ ಹೆಚ್ಚು. ಹುಳಿ ತಿನ್ನಬೇಡ ಎಂದು ಹೇಳುವುದನ್ನೂ ನಾನು ಮರೆತಿದ್ದೆ. ಪಟ್ಟಿ, ಔಷಧ ಚೀಲಕ್ಕೆ ಹಾಕಿಕೊಂಡು ಹನುಮಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ನಾನೇ ಹೊರಟೆ.

ಕೌತಾಳಂ ದಾಟಿದ ಮೇಲೆ ಹತ್ತಿ ಬಿಡಿಸಿ ಮುಗಿದ ಹೊಲಗಳು. ಅವುಗಳ ಅಂಚಿನಲ್ಲಿ ಒಂದು ಹಳ್ಳ. ಹಳ್ಳಕ್ಕೆ ಎರಡು ಹಿಂಡು ಒಟ್ಟಿಗೆ ನೀರಿಗೆ ಇಳಿದಿದ್ದವು. ಒಂದು ಬೀರಪ್ಪನದು, ಇನ್ನೊಂದು ಬೇರೆ ಊರಿನವನದು. ನನ್ನ ಕಣ್ಣಿಗೆ ಅದೊಂದೇ ದೊಡ್ಡ ರಾಶಿ. ನೀರು ಕುಡಿದಾದ ಮೇಲೆ ಆ ಇನ್ನೊಬ್ಬ ದಂಡೆಗೆ ಹತ್ತಿ ನಿಂತು ತುಟಿಯಿಂದ ಒಂದು ಉದ್ದನೆಯ ಶಿಳ್ಳೆ ಹಾಕಿದ. ರಾಶಿ ಕದಡಿತು. ಅಲ್ಲೊಂದು ಇಲ್ಲೊಂದು ಕುರಿ ತಲೆ ಎತ್ತಿ, ಉಳಿದವುಗಳ ನಡುವೆ ನುಸುಳಿ ಅವನ ಕಡೆಗೆ ಹೊರಟವು. ಯಾರೂ ಕೋಲು ಎತ್ತಲಿಲ್ಲ. ನಾನು ಅಂಥದ್ದನ್ನು ಕಂಡೇ ಇರಲಿಲ್ಲ, ಬಾಯಿ ಬಿಟ್ಟುಕೊಂಡು ನಿಂತೆ.

ಉಳಿದವು ಬೀರಪ್ಪನ ಕುರಿಗಳು. ಅವನು ಈಚೆ ದಂಡೆಯ ಮೇಲೆ ನಿಂತಿದ್ದ. ಮುಖಕ್ಕೆ ಟವಲು ಸುತ್ತಿಕೊಂಡಿದ್ದ. ಟವಲು ಸರಿಸಿ, ಬೆರಳಿನಿಂದ ತುಟಿ ಒತ್ತಿ ಊದಿದ. ಸದ್ದು ಬರಲಿಲ್ಲ. "ಹೋಯ್" ಎಂದು ಕೂಗಿದ, ಕೈ ತಟ್ಟಿದ. ಕುರಿಗಳು ಅವನನ್ನು ನೋಡಿದವು, ಶಿಳ್ಳೆ ಕೇಳಿದ ಕಡೆಗೂ ನೋಡಿದವು. ಆಮೇಲೆ ಒಂದೊಂದಾಗಿ ಆ ಇನ್ನೊಬ್ಬನ ಹಿಂದೆ ನಡೆದವು. ಹನುಮಕ್ಕ ಸೀರೆ ಎತ್ತಿ ಕಟ್ಟಿ ಓಡಿದಳು. ಗಂಡ ಹೆಂಡತಿ ಕಿವಿಯ ಗುರುತು ನೋಡಿ ಒಂದೊಂದೇ ಕುರಿಯನ್ನು ಕೊಂಬು ಹಿಡಿದು ಎಳೆದು ತರಬೇಕಾಯಿತು. ನಾನು ಗಟ್ಟಿ ಚಪ್ಪಲಿ ಹಾಕಿಕೊಂಡು ದಂಡೆಯ ಮೇಲೆ ನಿಂತು ನೋಡಿದೆ. ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಬೀರಪ್ಪ ಬಂದು ಕಲ್ಲಿನ ಮೇಲೆ ಕೂತ. ನಾನು ಹೊಲಿಗೆ ಬಿಚ್ಚಿ, ಗಾಯ ಒರೆಸಿ, ಬಿಗಿಯಾಗಿ ಪಟ್ಟಿ ಸುತ್ತಿದೆ. ಹುಳಿ ಬಿಡು, ಹತ್ತು ದಿನದಲ್ಲಿ ಸೋರುವುದು ನಿಲ್ಲುತ್ತದೆ ಎಂದೆ. ನಂತರ ಅವನ ಎದುರು ನೆಲದ ಮೇಲೆ ಕೂತು ಹೇಳಿದೆ.

"ಬೀರಪ್ಪಾ, ಬಾವಿನಿಂದ ಹಿಂಗ ಆಗಿಲ್ಲ. ರಕ್ತ ನಿಲ್ಲಸಾಕ ನಾ ಬಿಸಿ ಕಡ್ಡಿ ಮುಟ್ಟಿಸಿದೆ. ಅವಸರ ಮಾಡಿದೆ. ತುಟಿ ನರ ಸುಟ್ಟೈತಿ. ನನ್ನಿಂದ ಆಗಿದ್ದು."

ಅವನು ಪಟ್ಟಿಯನ್ನು ಮುಟ್ಟಿ ನೋಡಿಕೊಂಡ. ಆಮೇಲೆ ಕೇಳಿದ: "ಕಾಸಿದ್ರೇನಮ್ಮಾ?"

"ಹೂಂ."

"ನಾ ಕಾಸಿಕೊಂಡಿದ್ದಕ್ಕ ಬೈದಿದ್ರಿ."

ಅದರಲ್ಲಿ ಚುಚ್ಚು ಇರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದಂತಿತ್ತು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಾನಿಯಲ್ಲಿ ಬಿತ್ತು ಅನ್ನುತ್ತಾರಲ್ಲ, ಅದು ನಾನೇ. ಅವನ ಕಬ್ಬಿಣ ಚರ್ಮ ಸುಟ್ಟಿತ್ತು. ನನ್ನದು ಅವನ ಬದುಕಿನ ಬುಡಕ್ಕೇ ತಾಗಿತ್ತು. ಕಣ್ಣಲ್ಲಿ ನೀರು ಬಂದದ್ದನ್ನು ಮರೆಸಲು ಚೀಲ ಕಟ್ಟತೊಡಗಿದೆ.

"ತಿರುಗಿ ಬರ್ತೈತೇನ್ರಿ?" ಎಂದು ಕೇಳಿದವಳು ಹನುಮಕ್ಕ.

"ಬರಬಹುದು. ಬರ್ತೈತಿ ಅಂತ ಮಾತು ಕೊಡಾಕ ಆಗಂಗಿಲ್ಲ" ಎಂದೆ. ಅವರಿಗೆ ನಾನು ಕೊಟ್ಟ ಮೊದಲ ಪ್ರಾಮಾಣಿಕ ಉತ್ತರ ಅದು.

ಸಣ್ಣ ಕನ್ನಡಿಯೊಂದನ್ನು ಕೊಟ್ಟು ದಿನಕ್ಕೆ ಮೂರು ಸಲ ತುಟಿಗೆ ಮಾಡಬೇಕಾದ ವ್ಯಾಯಾಮ ತೋರಿಸಿಕೊಟ್ಟೆ. ತಿಂಗಳಿಗೊಮ್ಮೆ ಬಂದ. ಮೊದಲ ತಿಂಗಳು ಏನಿಲ್ಲ. ಎರಡನೆಯ ತಿಂಗಳೂ ಇಲ್ಲ. ಸೋರಿಕೆ ನಿಂತಿತ್ತು, ಅದೊಂದೇ ಸಮಾಧಾನ. ಕಿವಿಯ ಕೆಳಗಿನ ಗುಳಿ ಮುಚ್ಚಿಕೊಳ್ಳಲು ಟವಲು ಸುತ್ತಿಕೊಂಡೇ ಬರುತ್ತಿದ್ದ. ಕುರಿಗಾರನಿಗೆ ಚೆಂದ ಯಾಕೆ ಅಂದುಕೊಂಡಿದ್ದೆನಲ್ಲ, ಅವನಿಗೂ ಕನ್ನಡಿಯಲ್ಲಿ ತನ್ನ ಮುಖ ನೋಡಿ ಕಣ್ಣು ತಿರುಗಿಸುವ ಸಂಕಟ ಇತ್ತು. ಮೂರನೆಯ ಸಲ ಬಂದಾಗ, "ಬ್ಯಾಸಗಿಗಿ ಕುರಿ ಹೊಡಕೊಂಡು ಹೊಳಿ ಕಡಿಗಿ ಹೋಗ್ತೀವಿ" ಎಂದ. ಆಮೇಲೆ ಬರಲಿಲ್ಲ.

ಆ ವರ್ಷ ನಾನು ನನ್ನ ಕೆಲಸವನ್ನು ಬುಡದಿಂದ ಬದಲಿಸಿದೆ. ಕೂಲಿಯವನಾಗಲಿ ಗಿರಣಿಯ ಧಣಿಯಾಗಲಿ, ಎಲ್ಲರಿಗೂ ಕೂದಲಲ್ಲಿ ಅಡಗುವ ಗೆರೆ, ಎಲ್ಲರ ಮುಖಕ್ಕೂ ಪಾರದರ್ಶಕ ಹಾಳೆ. ಒಂದು ದಿನಕ್ಕೆ ಇಂಥ ಆಪರೇಷನ್ ಒಂದೇ. ಸುವಾರ್ತಮ್ಮನಿಗೆ ಕತ್ತರಿ ಎತ್ತಿ ಕೊಡುವ ಕೆಲಸ ತಪ್ಪಿಸಿ, ತಲೆಯ ಕಡೆ ಕೂರಿಸಿ, ಮುಖ ನೋಡುವುದಷ್ಟೇ ನಿನ್ನ ಕೆಲಸ ಎಂದೆ. ಅವಳು "ಕದಿಲಿಂದಿ" ಎಂದರೆ ನನ್ನ ಕೈ ನಿಲ್ಲಬೇಕು, ಅದು ಕಾನೂನು. ನರದ ಹತ್ತಿರ ಕಾಟರಿ ಇಲ್ಲ, ಒತ್ತಿ ಹಿಡಿದು ಕಾಯುವುದು, ಬೇಕಾದರೆ ನೂಲಿನಿಂದ ಕಟ್ಟುವುದು. ಗ್ರಂಥಿಯ ಮೇಲಿನ ಪದರವನ್ನೇ ಇಡಿಯಾಗಿ ತೆಗೆಯುತ್ತಿದ್ದ ಕಡೆ ಗಡ್ಡೆಯನ್ನೂ ಅದರ ಸುತ್ತಲಿನ ಸ್ವಲ್ಪ ಭಾಗವನ್ನೂ ಮಾತ್ರ ತೆಗೆದರೆ ಸಾಕು ಎಂಬುದನ್ನು ಕಲಿತೆ. ಕಿವಿಯ ಹಾಲೆಗೆ ಸ್ಪರ್ಶ ಕೊಡುವ ನರವನ್ನೂ ಉಳಿಸತೊಡಗಿದೆ. ಅದು ಹೋದರೆ ಹೆಂಗಸರಿಗೆ ಓಲೆ ಬಿದ್ದದ್ದೂ ಗೊತ್ತಾಗುವುದಿಲ್ಲ. ಚರ್ಮದ ಕೆಳಗಿನ ಪದರವನ್ನು ಮತ್ತೆ ಹೊದಿಸಿ ಹೊಲಿಯುವುದನ್ನು ರೂಢಿ ಮಾಡಿಕೊಂಡೆ. ಅದನ್ನು ಮಾಡದ ಕಾಲದಲ್ಲಿ ಒಬ್ಬ ಹತ್ತಿ ದಲ್ಲಾಳಿಗೆ ಜೊಲ್ಲಿನ ನರ ಚರ್ಮಕ್ಕೆ ಕೂಡಿಕೊಂಡು, ಊಟಕ್ಕೆ ಕೂತರೆ ಸಾಕು, ಕೆನ್ನೆ ಬೆವರಿ ಇಳಿಯುತ್ತಿತ್ತು. ಖಾರ ಜಾಸ್ತಿಯಾಯಿತೇ ಎಂದು ಬೀಗರು ಕೇಳಿ ಕೇಳಿ ದಲ್ಲಾಳಿ ಮದುವೆಯ ಊಟವನ್ನೇ ಬಿಟ್ಟ.

ಇವೆಲ್ಲ ಪುಸ್ತಕದಲ್ಲಿವೆ, ಓದಿಕೊಳ್ಳಿ. ಪುಸ್ತಕದಲ್ಲಿ ಇಲ್ಲದ್ದು ಇದು: ನಿಮ್ಮ ಮುಂದೆ ಕೂತವರು ತಮ್ಮ ಮುಖದಿಂದ ಏನು ಕೆಲಸ ಮಾಡಿಸಿಕೊಳ್ಳುತ್ತಾರೆ ಎಂದು ಕೇಳಿ. ಕಣ್ಣು ಮುಚ್ಚು, ಹಲ್ಲು ತೋರಿಸು, ಶಿಳ್ಳೆ ಹಾಕು, ಈ ಮೂರನ್ನೂ ಕೊಯ್ಯುವ ಮೊದಲೇ ಮಾಡಿಸಿ ನೋಡಿ. ನೀವು ಯಾವುದಕ್ಕೆ ಕೈ ಹಾಕುತ್ತಿದ್ದೀರಿ ಎಂದು ಗೊತ್ತಿರಲಿ.

ಆಪರೇಷನ್ನಾಗಿ ಹದಿನಾಲ್ಕು ತಿಂಗಳು ಕಳೆದಿತ್ತು. ನಂದವರಂನಲ್ಲಿ ಕಿವಿ ತಪಾಸಣೆಯ ಶಿಬಿರವೊಂದಿತ್ತು. ಅಲ್ಲಿಗೆ ಬಂದ ಮುದುಕನೊಬ್ಬ, ಕೌತಾಳಂ ಕಡೆಯ ಕುರಿಗಳು ನಾಗಲದಿನ್ನೆಯ ಹೊಳೆದಂಡೆಗೆ ಬಂದಿವೆ ಎಂದ. ಶಿಬಿರ ಮುಗಿಸಿ ಅತ್ತ ಹೋದೆ. ತುಂಗಭದ್ರೆ ಬೇಸಿಗೆಗೆ ಬಡವಾಗಿ, ಮರಳಿನ ನಡುವೆ ಹರಿಯುತ್ತಿದ್ದಳು. ನೀರಿನ ಅಂಚಿನಲ್ಲಿ ಮೂರು ನಾಲ್ಕು ಹಿಂಡು ಕಲೆತು ನಿಂತಿದ್ದವು. ನಾನು ಕಾರು ನಿಲ್ಲಿಸಿ ಇಳಿಯುತ್ತಿರುವಾಗ ಶಿಳ್ಳೆ ಕೇಳಿತು. ಮೊದಲು ಸಣ್ಣಗೆ, ಕೊನೆಗೆ ಮೇಲೇರಿ ನಿಲ್ಲುವ ಶಿಳ್ಳೆ. ಗುಂಪು ಕದಡಿತು, ಕುರಿಗಳು ಬೇರೆಯಾಗಿ ಒಂದೇ ದಿಕ್ಕಿಗೆ ಸಾಗಿದವು. ಅವು ಹೋದ ಕಡೆ ಬೀರಪ್ಪನ ಟವಲು ಕಂಡಿತು.

ನರ ಬಂದಿದೆ! ನಾನು ಮರಳಿನಲ್ಲಿ ಹೆಚ್ಚು ಕಡಿಮೆ ಓಡಿದೆ. ಹದಿನಾಲ್ಕು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಉರುಳಿತು ಅನಿಸಿತು.

ಹತ್ತಿರ ಹೋದಾಗ ಮತ್ತೊಮ್ಮೆ ಶಿಳ್ಳೆ ಬಂತು. ಬೀರಪ್ಪ ಬಂಡೆಯ ಮೇಲೆ ಸುಮ್ಮನೆ ಕೂತಿದ್ದ. ಶಿಳ್ಳೆ ಹಾಕುತ್ತಿದ್ದವಳು ಹನುಮಕ್ಕ.

ನನ್ನನ್ನು ಕಂಡು ನಾಚಿ ಸೆರಗು ಎಳೆದುಕೊಂಡಳು. "ಹೆಂಗಸು ಶಿಳ್ಳಿ ಹಾಕಿದ್ರ ಮನಿಗಿ ಒಳ್ಳೇದಲ್ಲ ಅಂತಾರ್ರಿ. ಊರಾಗ ಎಲ್ಲಾರೂ ಆಡಿಕೊಂಡ್ರು. ಏನು ಮಾಡಾದು, ಹಿಂಡು ಬಿಟ್ಟು ಹೋಗಾಕ ಹತ್ತಿತ್ತು."

"ಯಾರು ಕಲಿಸಿದ್ರು?"

"ಇವನ. ಬಾಯಿಲೆ ತೋರಿಸಾಕ ಬರಂಗಿಲ್ಲ, ಕೈಲೆ ತೋರಿಸ್ತಿದ್ದ. ಹಿಂಗ ಮ್ಯಾಲ ಹೋಗಬೇಕು, ಇಲ್ಲಿ ನಿಲ್ಲಬೇಕು ಅಂತ. ನಾಕು ತಿಂಗಳು ಆತ್ರಿ ಬರಾಕ."

ಬೀರಪ್ಪನ ಪಕ್ಕ ಕೂತು ಟವಲು ತೆಗೆಸಿದೆ. ಹಲ್ಲು ತೋರಿಸು ಎಂದೆ. ತೋರಿಸಿದ. ಬಾಯಿ ಹೆಚ್ಚು ಕಡಿಮೆ ನೆಟ್ಟಗಿತ್ತು. "ಶಿಳ್ಳಿ?" ಎಂದೆ. ಅವನು ಕುರಿಗಳ ಕಡೆ ಒಮ್ಮೆ ನೋಡಿ, ಅವಕ್ಕೆ ಬೆನ್ನು ಮಾಡಿ, ಅಂಗೈ ಅಡ್ಡ ಹಿಡಿದು ಮೆಲ್ಲಗೆ ಊದಿದ. ಬಂತು. ತೆಳ್ಳಗೆ, ಸ್ಪಷ್ಟವಾಗಿ, ಕೊನೆಗೆ ಮೇಲೇರಿ ನಿಂತಿತು.

"ಬೀರಪ್ಪಾ! ಯಾವಾಗಿಂದ?"

"ಎರಡು ತಿಂಗಳಾತು."

"ಮತ್ತ ಹಾಕವಲ್ಲಿ ಯಾಕ? ಇನ್ನೊಂದ್ಸಲ ಹಾಕು, ಜೋರಾಗಿ."

ಅವನು ತಲೆ ಅಡ್ಡ ಆಡಿಸಿದ. "ಬ್ಯಾಡಮ್ಮಾ. ಈಗ ಅವು ಆಕಿ ಶಿಳ್ಳಿಗಿ ಹೊಂದ್ಯಾವ. ನಾನೂ ಹಾಕಿದ್ರ ಯಾರ ಕಡಿಗಿ ಹೋಗಬೇಕಂತ ತಿಳೀದ ನಡುವ ನಿಂತ್ಬಿಡ್ತಾವ. ಒಂದಿನ ಹಾಕಿ ನೋಡೀನಿ. ಮೂಕ ಪ್ರಾಣಿ, ಯಾಕ ತ್ರಾಸ ಕೊಡಬೇಕು."

ನನ್ನ ಮುಖ ನೋಡಿ ಅವನಿಗೇ ಮರುಕ ಬಂತೇನೋ, "ತುಟಿ ಅಂತೂ ಬಂತಲ್ಲಮ್ಮಾ, ನಿಮ್ಮ ಪುಣ್ಯ" ಎಂದ. ಅಷ್ಟರಲ್ಲಿ ಹನುಮಕ್ಕ ಮುಂದೆ ಹೊರಟು ಶಿಳ್ಳೆ ಹಾಕಿದಳು. ಹಿಂಡು ಎದ್ದು ಆಕೆಯ ಹಿಂದೆ ಸಾಗಿತು. ಬೀರಪ್ಪ ಕುಂಟುವ ಮರಿಯೊಂದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಎಲ್ಲಕ್ಕಿಂತ ಹಿಂದೆ ನಡೆದ.

ಮಾರನೆಯ ದಿನ ಅವನ ಕೇಸ್ ಶೀಟು ತರಿಸಿದೆ. ಆಪರೇಷನ್ನಿನಿಂದಾದ ತೊಂದರೆಗಳು ಎಂಬ ಸಾಲಿನ ಮುಂದೆ, ತುಟಿಯ ನರ ದುರ್ಬಲವಾಗಿತ್ತು, ಈಗ ಪೂರ್ತಿ ಗುಣವಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದೆ. ಓದಿದೆ. ಸುಳ್ಳೇನೂ ಇರಲಿಲ್ಲ. ಆದರೂ ಸಹಿ ಹಾಕಲು ಕೈ ಬರಲಿಲ್ಲ. ಅದರ ಕೆಳಗೆ ಕನ್ನಡದಲ್ಲಿ, ಕುರಿಗಳು ಈಗ ಇವನ ಹಿಂದೆ ಬರುವುದಿಲ್ಲ ಎಂದು ಬರೆದು, ಸಹಿ ಹಾಕಿದೆ.